ಲಿನ್‌ಲಿತ್‌ಗೋ ಅರಮನೆಯಲ್ಲಿ ಹುಟ್ಟಿದ್ದು ಯಾವ ಮೇರಿ?

ಪ್ರಶ್ನೆ: ಮಗಳ ಮನೆಗೆ ಅಂತ ಎಡಿನ್‌ಬರಕ್ಕೆ ಬಂದಿದ್ದೇವೆ. ಹತ್ತಿರದಲ್ಲೇ ಲಿನ್‌ಲಿತ್‌ಗೋ ಅನ್ನುವ ಸಣ್ಣ ಊರಿದೆಯಂತೆ. ಬ್ಲಡಿ ಮೇರಿ ಹುಟ್ಟಿದ ಅರಮನೆ ಅಲ್ಲೇ ಇರೋದಂತೆ, ಅಲ್ವಾ? ಒಂದು ದಿನ ಸಾಕಾ? ಏನೇನು ನೋಡಬೇಕು?

ಬೇಸಿಗೆ ಬಂತೆಂದರೆ ಈ ಪ್ರಶ್ನೆ ಶುರು. ಕೇಳುವವರು ಬೇರೆ ಬೇರೆ, ಪ್ರಶ್ನೆ ಅದೇ, ಅದರೊಳಗಿನ ತಪ್ಪೂ ಅದೇ.

ಸುಲಭದ ಭಾಗ ಮೊದಲು ಮುಗಿಸುತ್ತೇನೆ. ಒಂದು ದಿನ ಧಾರಾಳವಾಗಿ ಸಾಕು. ವೇವರ್ಲಿ ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ಸುಮಾರು ಇಪ್ಪತ್ತು ನಿಮಿಷ. ಊರೆಂದರೆ ಹೆಚ್ಚುಕಡಿಮೆ ಹೈ ಸ್ಟ್ರೀಟ್ ಅನ್ನುವ ಒಂದೇ ಉದ್ದನೆಯ ಬೀದಿ. ಅದರ ಪಕ್ಕದ ದಿಬ್ಬದ ಮೇಲೆ ಚರ್ಚು ಮತ್ತು ಅರಮನೆ, ಅರಮನೆಯ ಬೆನ್ನಿಗೆ ಕೆರೆ. ಎಲ್ಲವೂ ನಡೆಯುವಷ್ಟೇ ದೂರ. ಕೊಡೆ ಬೇಡ, ಟೋಪಿ ಇರುವ ಜಾಕೆಟ್ ಹಾಕಿಕೊಳ್ಳಿ. ಕೆರೆ ಕಡೆಯಿಂದ ಬೀಸುವ ಗಾಳಿ ಕೊಡೆಯನ್ನು ಮಗುಚಿಹಾಕುತ್ತದೆ.

ಈಗ ಮೇರಿಯ ವಿಷಯ. ಆ ಅರಮನೆಯಲ್ಲಿ ಹುಟ್ಟಿದವಳು ಬ್ಲಡಿ ಮೇರಿ ಅಲ್ಲ. ಎಷ್ಟು ಸಲ ಹೇಳಿದ್ದೇನೋ ನನಗೇ ಲೆಕ್ಕವಿಲ್ಲ. ಅಲ್ಲಿ 1542ರ ಡಿಸೆಂಬರ್ 8ರಂದು ಹುಟ್ಟಿದ್ದು ಮೇರಿ ಸ್ಟುವರ್ಟ್, ಸ್ಕಾಟ್ಲೆಂಡಿನ ರಾಣಿ. ಬ್ಲಡಿ ಮೇರಿ ಅಂದರೆ ಮೇರಿ ಟ್ಯೂಡರ್, ಇಂಗ್ಲೆಂಡಿನ ರಾಣಿ, ಎಂಟನೇ ಹೆನ್ರಿಯ ಮಗಳು. ಅವಳು ಹುಟ್ಟಿದ್ದು 1516ರಲ್ಲಿ, ಲಂಡನ್ ಹತ್ತಿರದ ಗ್ರೀನಿಚ್‌ನಲ್ಲಿ. ಇಬ್ಬರ ನಡುವೆ 26 ವರ್ಷದ ಅಂತರ. ಬೇರೆ ದೇಶ, ಬೇರೆ ಸಿಂಹಾಸನ.

ಇಷ್ಟು ಹೇಳಿದರೂ ಜನ ಬಿಡುವುದಿಲ್ಲ. "ಇಬ್ಬರೂ ಕ್ಯಾಥೊಲಿಕ್ ತಾನೆ? ಇವಳ ಕಾಲದಲ್ಲೂ ರಕ್ತ ಹರಿದಿತ್ತಲ್ಲ?" ಅನ್ನುತ್ತಾರೆ. ಸರಿ, ಪೊಲೀಸರ ಥರ ಲೆಕ್ಕ ಹಾಕೋಣ. ಮೇರಿ ಟ್ಯೂಡರ್‌ಗೆ ಆ ಹೆಸರು ಬಂದಿದ್ದು ಪ್ರಾಟೆಸ್ಟಂಟರನ್ನು ಜೀವಂತ ಸುಡಿಸಿದ್ದಕ್ಕೆ. ಸತ್ತವರು ಸುಮಾರು 280 ಜನ. ಅದೆಲ್ಲ ನಡೆದದ್ದು 1555ರಿಂದ 1558ರೊಳಗೆ, ಇಂಗ್ಲೆಂಡಿನಲ್ಲಿ. ಆಗ ನಮ್ಮ ಲಿನ್‌ಲಿತ್‌ಗೋ ಮೇರಿ ಎಲ್ಲಿದ್ದಳು? ಫ್ರಾನ್ಸಿನಲ್ಲಿ. ಐದು ವರ್ಷದ ಮಗುವಾಗಿದ್ದಾಗಲೇ, 1548ರಲ್ಲಿ, ಅವಳನ್ನು ಹಡಗು ಹತ್ತಿಸಿ ಅಲ್ಲಿಗೆ ಕಳಿಸಿದ್ದರು. ಇಂಗ್ಲೆಂಡಿನಲ್ಲಿ ಮೊದಲ ಚಿತೆ ಹೊತ್ತಿದಾಗ ಅವಳಿಗೆ 12 ವರ್ಷ. ಕೊನೆಯದು ಆರಿದಾಗ ಇನ್ನೂ 16 ತುಂಬಿರಲಿಲ್ಲ. ಸಮುದ್ರದಾಚೆ ಪಾಠ ಕಲಿಯುತ್ತಿದ್ದ ಹುಡುಗಿಯ ತಲೆಗೆ ಈ ಪಾಪವನ್ನು ಕಟ್ಟುವುದು ಯಾವ ನ್ಯಾಯ?

ಗಂಡ ಸತ್ತ ಮೇಲೆ, 1561ರ ಆಗಸ್ಟಿನಲ್ಲಿ, ಅವಳು ಸ್ಕಾಟ್ಲೆಂಡಿಗೆ ಮರಳಿದಳು. ಅಷ್ಟರಲ್ಲಿ ದೇಶ ಪ್ರಾಟೆಸ್ಟಂಟ್ ಆಗಿಹೋಗಿತ್ತು. ಅವಳೇನು ಮಾಡಿದಳು? ಇದ್ದದ್ದನ್ನು ಇದ್ದಹಾಗೇ ಬಿಟ್ಟು, ತನ್ನ ಪೂಜೆಯನ್ನು ಹೋಲಿರೂಡ್ ಅರಮನೆಯೊಳಗೆ ಮಾಡಿಸಿಕೊಂಡಳು. ಅವಳ ಬದುಕಿನಲ್ಲಿ ರಕ್ತ ಹರಿದದ್ದು ನಿಜ. ಕಾರ್ಯದರ್ಶಿ ರಿಚ್ಚಿಯೊನನ್ನು ಅವಳ ಕೋಣೆಯಿಂದಲೇ ಎಳೆದೊಯ್ದು ತಿವಿದು ಕೊಂದರು, ಆಗ ಅವಳು ಬಸುರಿ. ಮಾರನೇ ವರ್ಷ ಎರಡನೇ ಗಂಡನ ಕೊಲೆಯಾಯಿತು. ಕೊನೆಗೆ 1587ರ ಫೆಬ್ರವರಿ 8ರಂದು ಅವಳ ತಲೆಯೇ ಹೋಯಿತು.

ಗೊಂದಲ ಯಾಕೆ ಅಂತ ನನಗೂ ಗೊತ್ತು. ಆ ಕಾಲದಲ್ಲಿ ಕಲ್ಲೆಸೆದರೆ ಒಬ್ಬ ಮೇರಿಗೆ ತಗಲುತ್ತಿತ್ತು. ಇವಳ ತಾಯಿ ಗೀಸ್ ಮನೆತನದ ಮೇರಿ. ಫ್ರಾನ್ಸಿಗೆ ಜೊತೆಗೆ ಹೋದ ಗೆಳತಿಯರು ನಾಲ್ಕು ಜನ, ನಾಲ್ವರೂ ಮೇರಿಯರೇ: ಸೀಟನ್, ಬೀಟನ್, ಫ್ಲೆಮಿಂಗ್, ಲಿವಿಂಗ್‌ಸ್ಟನ್. ಮೇಲಾಗಿ ಇಬ್ಬರು ರಾಣಿಯರೂ ನೆಂಟರು. ಇಂಗ್ಲಿಷಿನವರು ಇದನ್ನು "ಕಸಿನ್, ಒಂದು ತಲೆಮಾರು ಆಚೆ" ಅಂತೆಲ್ಲ ಹೇಳಿ ತಲೆ ಕೆಡಿಸುತ್ತಾರೆ. ನಮಗೆ ಆ ಕಷ್ಟವಿಲ್ಲ. ಲಿನ್‌ಲಿತ್‌ಗೋ ಮೇರಿಯ ಅಪ್ಪ ಐದನೇ ಜೇಮ್ಸ್. ಅವನ ತಾಯಿ ಮಾರ್ಗರೆಟ್. ಮಾರ್ಗರೆಟ್‌ಳ ತಮ್ಮ ಎಂಟನೇ ಹೆನ್ರಿ. ಅಂದರೆ ಮೇರಿ ಟ್ಯೂಡರ್ ಇವಳಿಗೆ ಅಪ್ಪನ ಸೋದರಮಾವನ ಮಗಳು. ನಮ್ಮ ಕಡೆಯಾಗಿದ್ದರೆ ಅಪ್ಪನಿಗೇ ತಂದುಕೊಳ್ಳಬಹುದಾದ ಹೆಣ್ಣು, ವರಸೆಯಲ್ಲಿ ಚಿಕ್ಕಮ್ಮ! ಸುಮ್ನೆ ತಮಾಷೆಗೆ ಹೇಳುತ್ತಿಲ್ಲ, ಆ ಮದುವೆಯ ಮಾತು ಒಂದು ಕಾಲದಲ್ಲಿ ನಿಜವಾಗಿಯೂ ನಡೆದಿತ್ತು. ಕೂಡಿಬರಲಿಲ್ಲ ಅಷ್ಟೆ. ಮೇರಿಯ ತಲೆ ತೆಗೆಸಿದ ಒಂದನೇ ಎಲಿಜಬೆತ್ ಕೂಡ ಅದೇ ಹೆನ್ರಿಯ ಮಗಳು, ಅವಳೂ ಚಿಕ್ಕಮ್ಮನೇ. ಆ ಚಿಕ್ಕಮ್ಮ-ಮಗಳು ಒಂದು ಸಲವೂ ಮುಖಾಮುಖಿ ಭೇಟಿಯಾಗಲಿಲ್ಲ. ಸಿನಿಮಾದವರು ಭೇಟಿ ಮಾಡಿಸುತ್ತಾರೆ, ಅದು ಬೇರೆ ಮಾತು.

ಇನ್ನೂ ನಂಬಿಕೆ ಬಾರದಿದ್ದರೆ ವಾಪಸ್ ಹೋಗುವಾಗ ಲಂಡನ್ನಿನಲ್ಲಿ ಇಳಿದು ವೆಸ್ಟ್‌ಮಿನ್‌ಸ್ಟರ್ ಅಬ್ಬೆಗೆ ಹೋಗಿ. ಏಳನೇ ಹೆನ್ರಿಯ ಚಾಪೆಲ್ಲಿನ ಉತ್ತರ ಪಕ್ಕದಲ್ಲಿ ಮೇರಿ ಟ್ಯೂಡರ್ ಮತ್ತು ಎಲಿಜಬೆತ್ ಒಂದೇ ಗೋರಿಯಲ್ಲಿದ್ದಾರೆ. ದಕ್ಷಿಣ ಪಕ್ಕದಲ್ಲಿ ಮೇರಿ ಸ್ಟುವರ್ಟ್‌ಳ ಗೋರಿ. ಒಬ್ಬಳೇ ಹೆಂಗಸಿಗೆ ಎರಡು ಗೋರಿ ಯಾರೂ ಕಟ್ಟಿಸುವುದಿಲ್ಲ.

ಸರಿ, ನೋಡುವುದೇನು? ದಿಬ್ಬ ಹತ್ತಿದ ಕೂಡಲೇ ಸಿಗುವ ಹೆಬ್ಬಾಗಿಲಿನಲ್ಲಿ ತಲೆ ಎತ್ತಿ. ನಾಲ್ಕು ಬಣ್ಣದ ಲಾಂಛನಗಳಿವೆ. ಐದನೇ ಜೇಮ್ಸ್‌ಗೆ ಸಂದ ನಾಲ್ಕು ಗೌರವಗಳು ಅವು. ಬಂದವರಿಗೆ ಬಾಗಿಲಲ್ಲೇ ಸರ್ಟಿಫಿಕೇಟ್ ತೋರಿಸುವ ಚಾಳಿ ಹೊಸದೇನಲ್ಲ ನೋಡಿ. ಒಳಗಿನ ಅಂಗಳದ ನಡುವೆ ಅವನೇ 1538ರಲ್ಲಿ ಮಾಡಿಸಿದ ಕಾರಂಜಿ. ಮೂರು ಅಂತಸ್ತು, ತುದಿಯಲ್ಲಿ ಕಿರೀಟ, ಕೆಳಗೆ ಮತ್ಸ್ಯಕನ್ಯೆ, ಒಂಟಿಕೊಂಬಿನ ಕುದುರೆ. ಹೋಲಿರೂಡ್ ಮುಂದೆ ನೀವು ಫೋಟೋ ತೆಗೆಸಿಕೊಂಡ ಕಾರಂಜಿ ಇದರ ನಕಲು, ಅಸಲಿ ಇದೇ. ದೊಡ್ಡ ಹಜಾರದ ತುದಿಯಲ್ಲಿ ಮೂರು ಬಾಯಿಯ ಅಗ್ಗಿಷ್ಟಿಕೆ ಇದೆ, ಅದರೊಳಗೆ ಆಳು ನಿಲ್ಲಬಹುದು. ಮೂಲೆಗೊಂದು ಸುರುಳಿ ಮೆಟ್ಟಿಲು. ಮಂಡಿ ಗಟ್ಟಿ ಇದ್ದವರು ವಾಯವ್ಯದ ಗೋಪುರ ಹತ್ತಿ. ತುದಿಯಲ್ಲಿ ನಾಲ್ಕು ಜನ ನಿಲ್ಲುವಷ್ಟು ಪುಟ್ಟ ಕಲ್ಲಿನ ಗೂಡು. 1513ರಲ್ಲಿ ಫ್ಲಾಡನ್ ಯುದ್ಧಕ್ಕೆ ಹೋದ ಗಂಡನಿಗಾಗಿ ಮಾರ್ಗರೆಟ್ ರಾಣಿ ಇಲ್ಲೇ ಕಾಯುತ್ತಿದ್ದಳು ಅಂತ ಹೇಳುತ್ತಾರೆ. ಗಂಡ ಬರಲಿಲ್ಲ. ಕೆಳಗೆ ಕೆರೆಯಲ್ಲಿ ಹಂಸಗಳು ಕಾಣುತ್ತವೆ.

ಅರಮನೆಗೆ ಸೂರಿಲ್ಲ. 1746ರ ಫೆಬ್ರವರಿಯಲ್ಲಿ ಕಂಬರ್ಲೆಂಡ್ ಡ್ಯೂಕನ ಸೈನಿಕರು ರಾತ್ರಿ ತಂಗಿ ಹೊರಟ ಮೇಲೆ ಹೊತ್ತಿ ಉರಿದದ್ದು. ಆಮೇಲೆ ಯಾರೂ ಹೊದಿಸಲಿಲ್ಲ.

ಪಕ್ಕದ ಸೇಂಟ್ ಮೈಕಲ್ ಚರ್ಚಿನ ತಲೆ ಮೇಲೆ ರಾಕೆಟ್ಟಿನಂಥದ್ದು ಕಾಣುತ್ತದೆ. ಅದು 1964ರಲ್ಲಿ ಕೂರಿಸಿದ ಅಲ್ಯೂಮಿನಿಯಂ ಕಿರೀಟ. ನನಗೇನೋ ಇಷ್ಟ, ನಿಮಗೆ ಆಗದಿದ್ದರೆ ನೀವು ಒಬ್ಬರೇ ಅಲ್ಲ. ಕೆಳಗಿನ ಚೌಕದ ಕ್ರಾಸ್ ವೆಲ್ ಅನ್ನು ಮಾತ್ರ ಹತ್ತಿರ ಹೋಗಿ ನೋಡಿ. 1807ರಲ್ಲಿ ಅದನ್ನು ಕಡೆದ ಶಿಲ್ಪಿ ರಾಬರ್ಟ್ ಗ್ರೇಗೆ ಒಂದೇ ಕೈ. ಇನ್ನೊಂದರ ಮೊಂಡಿಗೆ ಕೊಡತಿ ಕಟ್ಟಿಕೊಂಡು ಅಷ್ಟೂ ಕೆತ್ತನೆ ಮಾಡಿದನಂತೆ. ಇದೇ ಬೀದಿಯಲ್ಲಿ 1570ರ ಜನವರಿಯಲ್ಲಿ ಮೇರಿಯ ಮಲ ಅಣ್ಣ, ಆಗ ರಾಜ್ಯಭಾರ ಮಾಡುತ್ತಿದ್ದ ಮರೇ ಪ್ರಭುವನ್ನು ಒಂದು ಮನೆಯೊಳಗಿಂದ ಗುಂಡಿಟ್ಟು ಕೊಂದರು. ಕೊಂದವನು ಮೇರಿಯ ಕಡೆಯ ಹ್ಯಾಮಿಲ್ಟನ್. ಆಳುವವನೊಬ್ಬನನ್ನು ಬಂದೂಕಿನಿಂದ ಕೊಂದ ಮೊದಲ ಪ್ರಕರಣ ಇದೇ ಅಂತ ಊರಿನವರು ಕೊಂಚ ಹೆಮ್ಮೆಯಿಂದಲೇ ಹೇಳುತ್ತಾರೆ.

ಇಷ್ಟೆಲ್ಲ ನೋಡುವ ನಮ್ಮವರಲ್ಲಿ ಒಬ್ಬರೂ ಕೇಳದ ಪ್ರಶ್ನೆ ಒಂದಿದೆ: ಈ ಊರಿನ ಲಾಂಛನದಲ್ಲಿ ನಾಯಿ ಯಾಕಿದೆ? ಓಕ್ ಮರಕ್ಕೆ ಸರಪಳಿಯಿಂದ ಕಟ್ಟಿದ ಕಪ್ಪು ಹೆಣ್ಣುನಾಯಿ. ಕತೆ ಹೀಗೆ. ಒಬ್ಬನನ್ನು ಕೆರೆಯ ನಡುಗಡ್ಡೆಯಲ್ಲಿ ಉಪವಾಸ ಸಾಯಲು ಬಿಟ್ಟರಂತೆ. ದಿನಗಳಾದರೂ ಅವನು ಸಾಯಲಿಲ್ಲ. ನೋಡಿದರೆ ಅವನ ನಾಯಿ ಕತ್ತಲಲ್ಲಿ ಈಜಿ ಹೋಗಿ ಊಟ ಕೊಟ್ಟು ಬರುತ್ತಿತ್ತು. ಸಿಕ್ಕಿಬಿದ್ದ ನಾಯಿಯನ್ನೂ ಇನ್ನೊಂದು ನಡುಗಡ್ಡೆಯಲ್ಲಿ ಮರಕ್ಕೆ ಕಟ್ಟಿಹಾಕಿದರು. ಇದನ್ನು ಕೇಳಿದಾಗಲೆಲ್ಲ ನನಗೆ ಆತಕೂರಿನ ಕಾಳಿ ನೆನಪಾಗುತ್ತಾಳೆ, ಹಂದಿಯ ಜೊತೆ ಕಾದಾಡಿ ಸತ್ತು ವೀರಗಲ್ಲು ಹಾಕಿಸಿಕೊಂಡ ನಾಯಿ. ಆ ಕಲ್ಲು ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ, ನೋಡಿರದಿದ್ದರೆ ಊರಿಗೆ ಹೋದಾಗ ನೋಡಿ.

ಲಿನ್‌ಲಿತ್‌ಗೋದಲ್ಲೇ ಹುಟ್ಟಿದವರು, ಗಂಡಾಗಲಿ ಹೆಣ್ಣಾಗಲಿ, ತಮ್ಮನ್ನು "ಬ್ಲ್ಯಾಕ್ ಬಿಚ್" ಎಂದು ಕರೆದುಕೊಳ್ಳುತ್ತಾರೆ. ಬೈಗುಳ ಅಂದುಕೊಂಡು ಗಾಬರಿಯಾಗಬೇಡಿ, ಅದು ಬಿರುದು. ಹೊರಗಿಂದ ಬಂದವರು ನಲವತ್ತು ವರ್ಷ ಬಾಳಿದರೂ ಅದು ಸಿಗುವುದಿಲ್ಲ, ಊರೊಳಗೇ ಹುಟ್ಟಿರಬೇಕು. ನಮ್ಮ ಮೇರಿ ಈ ಊರಲ್ಲಿ ತೊಟ್ಟಿಲಲ್ಲಿದ್ದದ್ದು ಬರೀ ಏಳು ತಿಂಗಳು, ಆಮೇಲೆ ಸ್ಟರ್ಲಿಂಗ್ ಕೋಟೆಗೆ ಒಯ್ದರು. ಆದರೂ ನಿಯಮ ಅಂದರೆ ನಿಯಮ. ಆ ಲೆಕ್ಕದಲ್ಲಿ ಅವಳೂ ಬ್ಲ್ಯಾಕ್ ಬಿಚ್ಚೇ. ಅಷ್ಟನ್ನು ಬೇಕಾದರೆ ಧಾರಾಳವಾಗಿ ಹೇಳಿ. ಬ್ಲಡಿ ಮಾತ್ರ ಅನ್ನಬೇಡಿ.