‘ಇಸ್ಲಾಂ ಅಂಗದಾನ ಒಪ್ಪಿದೆ’ ಎಂದು ಕರಪತ್ರದಲ್ಲಿ ಹಾಕಬಹುದೇ?

ಪ್ರಶ್ನೆ: ಹಳೇ ಹುಬ್ಬಳ್ಳಿಯಲ್ಲಿ ನಾವು ಕೆಲವು ಹುಡುಗರು ಸೇರಿ ಅಂಗದಾನದ ಜಾಗೃತಿ ಮಾಡಬೇಕೆಂದಿದ್ದೇವೆ. ಜುಮಾ ನಮಾಜ್ ಮುಗಿದ ಮೇಲೆ ಮಸೀದಿ ಬಾಗಿಲಲ್ಲಿ ಕರಪತ್ರ ಹಂಚಿ, ಅಲ್ಲೇ ಹೆಸರು ಬರೆಸಿಕೊಳ್ಳುವ ಯೋಚನೆಯಿದೆ. ‘ಇಸ್ಲಾಂ ಒಪ್ಪಿದೆ’ ಎಂದು ಬರೆದರೆ ತಪ್ಪೇ?

ಉತ್ತರ: ಪೂರ್ತಿ ತಪ್ಪಲ್ಲ, ಅರ್ಧ ಮಾತು. ಅದಕ್ಕೇ ಬೇಡ.

1988ರಲ್ಲಿ ಜಿದ್ದಾದಲ್ಲಿ ಸೇರಿದ ಒಐಸಿಯ (ಮುಸ್ಲಿಂ ದೇಶಗಳ ಒಕ್ಕೂಟದ) ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಖ್ (ಧರ್ಮಶಾಸ್ತ್ರ) ಅಕಾಡೆಮಿ, ಮೃತರು ಮೊದಲೇ ಒಪ್ಪಿದ್ದರೆ ಅಥವಾ ವಾರಸುದಾರರು ಒಪ್ಪಿದರೆ ಜೀವ ಉಳಿಸಲು ಅಂಗ ತೆಗೆಯಬಹುದು, ಮಾರಾಟ ಮಾತ್ರ ಸಲ್ಲದು ಎಂದಿತು. ಮರುವರ್ಷ ನಮ್ಮ ದೇಶದ ಇಸ್ಲಾಮಿಕ್ ಫಿಖ್ ಅಕಾಡೆಮಿ ಬೇರೆಯದೇ ಗೆರೆ ಎಳೆಯಿತು. ಬದುಕಿದ್ದವರು ಕಾಯಿಲೆ ಬಿದ್ದ ಸಂಬಂಧಿಕರಿಗೆ ದುಡ್ಡು ಮುಟ್ಟದೆ ಒಂದು ಕಿಡ್ನಿ ಕೊಡಬಹುದು. ‘ಸತ್ತ ಮೇಲೆ ತೆಗೆದುಕೊಳ್ಳಿ’ ಎಂಬುದು ಶರೀಅತ್ ಪ್ರಕಾರ ವಸೀಯತ್ (ಉಯಿಲು) ಆಗುವುದಿಲ್ಲ ಎಂದಿತು. ದೇಹ ಅಮಾನತ್ (ದೇವರು ಕಾಪಾಡಲು ಕೊಟ್ಟದ್ದು), ಅದನ್ನು ಕೊಡಲು ನಾವು ಒಡೆಯರಲ್ಲ ಎಂಬುದು ಒಪ್ಪದವರ ವಾದ; ಉತ್ತರ ಪ್ರದೇಶದ ದೇವಬಂದ್ ಮದರಸಾದ ಫತ್ವಾಗಳೂ (ಧಾರ್ಮಿಕ ಅಭಿಪ್ರಾಯಗಳೂ) ಈ ಕಡೆಗೇ ವಾಲಿವೆ.

ಕರಪತ್ರದಲ್ಲಿ ಎರಡನ್ನೂ, ಇಸವಿ ಸಮೇತ, ಹಾಕಿ. ಮುದ್ರಣಕ್ಕೆ ಕೊಡುವ ಮುಂಚೆ ಮೌಲಾನಾ ಅವರಿಗೆ ಓದಿಸಿ. ಒಂದೇ ಪಕ್ಷ ಹೇಳಿದರೆ ಏನಾಗುತ್ತದೆ ಗೊತ್ತೇ? ಐಸಿಯು ಹೊರಗೆ ರಾತ್ರಿ ಎರಡು ಗಂಟೆಗೆ ಯಾರೋ ಚಾಚಾ ಮೊಬೈಲಿನಲ್ಲಿ ಇನ್ನೊಂದು ಫತ್ವಾ ತೋರಿಸುತ್ತಾರೆ. ಆಮೇಲೆ ವೈದ್ಯರು ಹೇಳುವುದನ್ನೂ ಆ ಮನೆಯವರು ನಂಬುವುದಿಲ್ಲ.

ಮಿದುಳು ಸಾವಿನ ವಿಷಯಕ್ಕೆ ಹೆಚ್ಚು ಹೊತ್ತು ಕೊಡಿ. ಮಿದುಳು ಮರಳಿ ಬಾರದಂತೆ ನಿಂತುಹೋದ ಸ್ಥಿತಿ ಇದು; ಸತ್ತ ಮೇಲಿನ ಅಂಗದಾನ ಸಾಮಾನ್ಯವಾಗಿ ಆಗುವುದು ಇದರಲ್ಲೇ. ‘ಮೈ ಇನ್ನೂ ಬೆಚ್ಚಗಿದೆಯಲ್ಲ’ ಎಂಬ ಮಾತು ಬಂದೇ ಬರುತ್ತದೆ. ಉಸಿರು ವೆಂಟಿಲೇಟರಿನದು, ಆಮ್ಲಜನಕ ಸಿಗುವವರೆಗೆ ಹೃದಯ ತಾನಾಗಿ ಬಡಿಯುತ್ತದೆ. ಕಾನೂನಿನ ಪ್ರಕಾರ ನಾಲ್ವರು ವೈದ್ಯರ ಮಂಡಳಿ, ಕನಿಷ್ಠ 6 ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಮಿದುಳು ಸಾವು ದೃಢಪಡಿಸುವ ಫಾರಂ 10ಕ್ಕೆ ಸಹಿ ಹಾಕಬೇಕು. ಕಸಿ ಮಾಡುವ ತಂಡದವರು ಅದರಲ್ಲಿ ಇರುವಂತಿಲ್ಲ. ಆಮ್ಲಜನಕ ಕೊಡುತ್ತಲೇ ವೆಂಟಿಲೇಟರ್ ಬಿಡಿಸಿ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದರೂ ಎದೆ ಏಳುವುದಿಲ್ಲ ಎಂಬುದನ್ನು ಕಣ್ಣಾರೆ ನೋಡುತ್ತಾರೆ. ಕೋಮಾ ಬೇರೆ, ಇದು ಬೇರೆ. ಈ ಭಾಗವನ್ನು ವೈದ್ಯರೇ ಹೇಳಲಿ, ಫತ್ವಾ ಭಾಗವನ್ನು ಮೌಲಾನಾ ಹೇಳಲಿ. ಅದಲುಬದಲು ಬೇಡ.

ದಫನ್ (ಮಣ್ಣು ಮಾಡುವುದು) ತಡವಾಗುವುದನ್ನು ಮುಚ್ಚಿಡಬೇಡಿ. ಎರಡನೇ ಪರೀಕ್ಷೆ, ಮನೆಯವರ ಒಪ್ಪಿಗೆಯ ಫಾರಂ 8, ತಂಡಗಳು ಬರುವುದು, ಶಸ್ತ್ರಚಿಕಿತ್ಸೆ ಎಲ್ಲ ಸೇರಿ ಒಂದು ದಿನವೇ ಹಿಡಿಯಬಹುದು. ಬೈಪಾಸ್ ರಸ್ತೆಯಲ್ಲಿ ಅಪಘಾತವಾಗಿದ್ದರೆ ಪಂಚನಾಮೆ, ಪೋಸ್ಟ್‌ಮಾರ್ಟಂ ಹೇಗೂ ಇದ್ದೇ ಇರುತ್ತದೆ. ದೇಹವನ್ನು ಹೊಲಿದೇ ಕೊಡುತ್ತಾರೆ. ಗುಸಲ್ (ಮೃತದೇಹಕ್ಕೆ ಸ್ನಾನ) ಮಾಡಿಸುವವರಿಗೆ ಹೊಲಿಗೆ ಎಲ್ಲಿದೆ ಎಂದು ಮೊದಲೇ ಹೇಳಿ, ಹತ್ತಿ ಮತ್ತು ಬ್ಯಾಂಡೇಜ್ ಕೈಗೆ ಕೊಡಿ.

ಕಣ್ಣಿನ ಲೆಕ್ಕ ಬೇರೆ. ಸಾಮಾನ್ಯ ಸಾವಿನಲ್ಲೂ ಆಗುತ್ತದೆ, ಮನೆಯಲ್ಲೇ ಆಗುತ್ತದೆ, ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಸಾವಾದ 6 ಗಂಟೆಯೊಳಗೆ ನೇತ್ರ ಭಂಡಾರದವರು ಬರಬೇಕು. ಅಲ್ಲಿಯವರೆಗೆ ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಿ, ತಲೆದಿಂಬು ಕೊಟ್ಟು ತಲೆ ತುಸು ಎತ್ತರಿಸಿ. ಫ್ಯಾನ್ ಹಾಗೇ ತಿರುಗುತ್ತಿದ್ದರೆ ಕಾರ್ನಿಯಾ ಒಣಗಿ ಹಾಳಾಗುತ್ತದೆ.

ಇನ್ನು ಹೆಸರು ಬರೆಸುವ ವಿಚಾರ. ಮಸೀದಿ ಬಾಗಿಲಲ್ಲಿ ರಿಜಿಸ್ಟರ್ ಇಡಬೇಡಿ. ಹಿರಿಯರ ಕಣ್ಣೆದುರು ಹಾಕಿದ ಸಹಿಯಲ್ಲಿ ಒಪ್ಪಿಗೆ ಎಷ್ಟು, ಸಂಕೋಚ ಎಷ್ಟು ಎಂದು ಅಳೆಯಲಾಗದು. ಫೋಟೊ, ಶಾಲು, ಹಾರವೂ ಬೇಡ. ಇಷ್ಟವಿದ್ದವರು ಮನೆಗೆ ಹೋಗಿ ಕೇಂದ್ರ ಸರ್ಕಾರದ ಅಂಗದಾನ ಸಂಸ್ಥೆ ನೊಟ್ಟೊ (NOTTO) ಜಾಲತಾಣದಲ್ಲಿ ಆಧಾರ್ ಬಳಸಿ ನೋಂದಾಯಿಸಲಿ, ಹೆಂಡತಿ-ಮಕ್ಕಳಿಗೂ ಹೇಳಿರಲಿ. ಕಾರ್ಡ್ ಇದ್ದರೂ ಕೊನೆಗೆ ಆಸ್ಪತ್ರೆಯವರು ಕೇಳುವುದು ಮನೆಯವರನ್ನೇ.

‘ಅಂಗ ಮುಸ್ಲಿಮರಿಗೇ ಸಿಗಲಿ’ ಎಂಬ ಷರತ್ತು ನಡೆಯುವುದಿಲ್ಲ. ರಾಜ್ಯದ ಅಂಗದಾನ ಸಂಸ್ಥೆ ‘ಜೀವಸಾರ್ಥಕತೆ’ಯ ಕಾಯುವ ಪಟ್ಟಿಯಂತೆ ಹಂಚಿಕೆ. ‘ಬಿಲ್ ಮಾಫಿ’ ಎಂದು ಯಾರಿಗೂ ಆಸೆ ಹುಟ್ಟಿಸಬೇಡಿ. ಒಪ್ಪಿಗೆಯ ನಂತರ ದೇಹ ಕಾಪಾಡುವ ಖರ್ಚು ಮನೆಯವರದಲ್ಲ, ಅದಕ್ಕೂ ಮೊದಲಿನ ಚಿಕಿತ್ಸೆಯ ಬಿಲ್ ಮಾತ್ರ ಹಾಗೇ ಉಳಿಯುತ್ತದೆ. ಹಣದ ಮಾತು ಅಂಗದ ಬೆಲೆಯ ಮಾತಾಯಿತೋ, ಅಂಗಕಸಿ ಕಾಯ್ದೆಯ 2011ರ ತಿದ್ದುಪಡಿಯಂತೆ 5ರಿಂದ 10 ವರ್ಷ ಜೈಲು, ಜೊತೆಗೆ 20 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ.