ಒಟಿಪಿ: ಬರುವ ಸಂಖ್ಯೆ, ಹುಟ್ಟುವ ಸಂಖ್ಯೆ

ಬದಿಯಡ್ಕ, ಪೆರ್ಲ, ಉಪ್ಪಳದ ಕಡೆಯ ಯಾವುದೇ ಅಕ್ಷಯ ಕೇಂದ್ರದಲ್ಲಿ ಅರ್ಧ ಗಂಟೆ ಕುಳಿತರೂ ಒಂದು ಪ್ರಶ್ನೆ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: ‘ಒಟಿಪಿ ಬಂತಾ?’ ರೇಷನ್ ಕಾರ್ಡಿನ ತಿದ್ದುಪಡಿಗೆ ಬಂದ ಅಜ್ಜಿಯಿಂದ ಹಿಡಿದು ಕಾಲೇಜಿನ ಅರ್ಜಿ ತುಂಬಿಸಲು ಬಂದ ಹುಡುಗನವರೆಗೆ ಈ ಮೂರಕ್ಷರವನ್ನು ಅರಿಯದವರು ನಮ್ಮ ಕಾಸರಗೋಡಿನಲ್ಲಿ ಈಗ ವಿರಳ. ಆದರೆ ಪದದೊಂದಿಗೆ ‘ಬರುವುದು’ ಎಂಬ ಕ್ರಿಯಾಪದವೂ ಬಿಡದಂತೆ ಅಂಟಿಕೊಂಡಿದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಖಾತೆಗಳಿಗೆ ಲಾಗಿನ್ ಆಗಲಾರದೆ ಪರದಾಡುವವರಲ್ಲಿ ಅನೇಕರ ಗೊಂದಲಕ್ಕೆ ಈ ಕ್ರಿಯಾಪದವೇ ಮೂಲವೆಂದು ನನಗನಿಸುತ್ತದೆ. ಏಕೆಂದರೆ ಎಲ್ಲ ಒಟಿಪಿಗಳೂ ಎಲ್ಲಿಂದಲೋ ಬರುವುದಿಲ್ಲ. ಕೆಲವು ನಮ್ಮ ಕೈಯಲ್ಲಿರುವ ಫೋನಿನಲ್ಲೇ ಹುಟ್ಟುತ್ತವೆ.

‘ವನ್ ಟೈಮ್ ಪಾಸ್‌ವರ್ಡ್’ ಎಂಬುದರ ಮೊದಲಕ್ಷರಗಳಿಂದ ಒಟಿಪಿ ಎಂಬ ಪದವಾಯಿತು. ಒಮ್ಮೆ ಮಾತ್ರ ಸಲ್ಲುವ ಗುಟ್ಟುಪದ ಎಂದು ಅದರ ಅರ್ಥ. ಗಣಕ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ ಅವರು 1981ರಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ ಈ ಕಲ್ಪನೆಯ ಗಣಿತರೂಪವಿದೆ. ತಂತಿಯ ಮೇಲೆ ಹೋಗುವ ಗುಟ್ಟುಪದವನ್ನು ನಡುವೆ ಯಾರಾದರೂ ಕದ್ದು ಕೇಳಿಸಿಕೊಂಡರೂ ಮುಂದಿನ ಸಲಕ್ಕೆ ಅದು ಅವರಿಗೆ ಪ್ರಯೋಜನಕ್ಕೆ ಬಾರದಂತೆ ಪ್ರತಿ ಸಲವೂ ಹೊಸದನ್ನೇ ಬಳಸುವುದು ಅವರ ಉಪಾಯವಾಗಿತ್ತು. ಇಂದು ಸಾಮಾಜಿಕ ಜಾಲತಾಣಗಳು ಕೇಳುವ ಸಂಖ್ಯೆಗೆ ಇನ್ನೊಂದು ಕೆಲಸವೂ ಸೇರಿಕೊಂಡಿದೆ. ಪಾಸ್‌ವರ್ಡ್ ನಮಗೆ ತಿಳಿದಿರುವ ವಿಷಯಕ್ಕೆ ಸಾಕ್ಷಿಯಾದರೆ, ಒಟಿಪಿ ನಮ್ಮ ಕೈಯಲ್ಲಿರುವ ವಸ್ತುವಿಗೆ, ಅಂದರೆ ಸಿಮ್ಮಿಗೆ ಅಥವಾ ಫೋನಿಗೆ, ಸಾಕ್ಷಿ. ಆದುದರಿಂದ ಒಟಿಪಿ ಸಿಗದಿದ್ದಾಗ ಕೇಳಬೇಕಾದ ಮೊದಲ ಪ್ರಶ್ನೆ, ಖಾತೆಯು ಯಾವ ವಸ್ತುವನ್ನು ನಂಬಿ ಕುಳಿತಿದೆ ಎಂಬುದು.

ಉತ್ತರ ಬಹಳಷ್ಟು ಸಲ ಕಣ್ಣೆದುರೇ ಇರುತ್ತದೆ. ಸಂಖ್ಯೆಯನ್ನು ಯಾವ ನಂಬರಿಗೆ ಕಳುಹಿಸಲಾಗಿದೆ ಎಂದು ಆ ಪುಟದಲ್ಲೇ, ಕೊನೆಯ ಎರಡು ಅಂಕಿಗಳನ್ನಷ್ಟೇ ಉಳಿಸಿ ತೋರಿಸುವುದು ವಾಡಿಕೆ. ಗಲ್ಫಿನಲ್ಲಿ ದುಡಿದು ಬಂದವರು ಮನೆಮನೆಯಲ್ಲಿರುವ ನಮ್ಮ ಜಿಲ್ಲೆಯಲ್ಲಿ ಈ ಎರಡು ಅಂಕಿಗಳನ್ನು ಓದದೆ ಮುಂದೆ ಹೋಗಬಾರದು. ದುಬೈಯಲ್ಲಿದ್ದಾಗ 971ರಿಂದ ಆರಂಭವಾಗುವ ನಂಬರಿನಲ್ಲಿ ತೆರೆದ ಖಾತೆ, ಆ ಸಿಮ್ ರದ್ದಾಗಿ ವರ್ಷವೆರಡು ಕಳೆದರೂ, ಅದೇ ನಂಬರಿಗೆ ಸಂಖ್ಯೆಯನ್ನು ಕಳುಹಿಸುತ್ತಲೇ ಇರುತ್ತದೆ. ಊರಿನ ಸಿಮ್ ಹಾಕಿದ ಫೋನನ್ನು ಕೈಯಲ್ಲಿ ಹಿಡಿದು ಎಷ್ಟು ಹೊತ್ತು ಕಾದರೂ ಫಲವಿಲ್ಲ. ಊರಿನ ನಂಬರಿನ ವಿಷಯದಲ್ಲಿಯೂ ಎಚ್ಚರ ಬೇಕು. ಬಳಕೆಯಿಲ್ಲದೆ ಕಡಿತಗೊಂಡ ನಂಬರನ್ನು ಭಾರತದಲ್ಲಿ 90 ದಿನಗಳ ಬಳಿಕ ಬೇರೊಬ್ಬರಿಗೆ ಕೊಡಬಹುದು. ಆಗ ನಮ್ಮ ಖಾತೆಯ ಸಂಖ್ಯೆ ಅಪರಿಚಿತರೊಬ್ಬರ ಫೋನಿಗೆ ಹೋಗುತ್ತದೆ. ಇದು ಅನನುಕೂಲದ ಮಾತಷ್ಟೇ ಅಲ್ಲ, ಅಪಾಯದ ಮಾತು. ಹಾಗಾಗಿ ನಂಬರ್ ಬಿಡುವ ಮೊದಲೇ, ಖಾತೆ ತೆರೆದಿರುವಾಗಲೇ, ಹೊಸ ನಂಬರನ್ನು ಸೇರಿಸಿಕೊಳ್ಳಬೇಕು.

ನಂಬರ್ ಸರಿಯಾಗಿದ್ದೂ ಎಸ್ಸೆಮ್ಮೆಸ್ ಬಾರದಿದ್ದರೆ ಅದು ನಡೆದು ಬರುವ ದಾರಿಯನ್ನು ತಿಳಿಯಬೇಕು. ಎಸ್ಸೆಮ್ಮೆಸ್ ಎಂಬುದು ಫೋನ್ ಕರೆಯಂತೆ ನೇರವಾಗಿ ತಲುಪುವುದಿಲ್ಲ. ಅದು ಮೊಬೈಲ್ ಕಂಪನಿಯ ಸಂದೇಶ ಕೇಂದ್ರದಲ್ಲಿ ಇಳಿದು, ನಮ್ಮ ಫೋನ್ ಜಾಲದಲ್ಲಿ ಎಲ್ಲಿದೆ ಎಂದು ಗೊತ್ತಾದ ಮೇಲೆ ಅಲ್ಲಿಗೆ ಹೊರಡುತ್ತದೆ. ಫೋನ್ ಸಿಗದಿದ್ದರೆ ಕೇಂದ್ರದಲ್ಲೇ ಕಾದಿದ್ದು ಮತ್ತೆ ಪ್ರಯತ್ನಿಸುತ್ತದೆ. ಗುಡ್ಡದ ಮರೆಯ ಮನೆಯಲ್ಲಿ ರೇಂಜ್ ಇಲ್ಲದಿದ್ದಾಗ, ಅಥವಾ ತಲಪಾಡಿಯಂಥ ಗಡಿಯಲ್ಲಿ ಫೋನು ಒಮ್ಮೆ ಕೇರಳದ ಟವರಿಗೂ ಮತ್ತೊಮ್ಮೆ ಕರ್ನಾಟಕದ ಟವರಿಗೂ ಸರಿಯುತ್ತ ನಡುವೆ ಸಂಪರ್ಕ ಕಳೆದುಕೊಂಡಾಗ, ಸಂದೇಶ ಹೀಗೆ ತಡೆದು ನಿಲ್ಲುತ್ತದೆ. ತಡವಾಗಿ ಬಂದ ಸಂಖ್ಯೆಯ ಅವಧಿ ಅಷ್ಟರಲ್ಲಿ ಮುಗಿದಿರಬಹುದು. ತಾಳ್ಮೆಗೆಟ್ಟು ‘ಮತ್ತೆ ಕಳುಹಿಸಿ’ ಎಂಬುದನ್ನು ನಾಲ್ಕು ಸಲ ಒತ್ತಿದವರಿಗೆ ಇನ್ನೊಂದು ತೊಡಕು ಎದುರಾಗುತ್ತದೆ: ಹೊಸ ಸಂಖ್ಯೆ ಹೊರಟೊಡನೆ ಹಳೆಯದು ಸಾಮಾನ್ಯವಾಗಿ ಅಸಿಂಧುವಾಗುವುದರಿಂದ, ನಾಲ್ಕೂ ಒಟ್ಟಿಗೆ ಬಂದಾಗ ಕೊನೆಯದೊಂದೇ ಕೆಲಸಕ್ಕೆ ಬರುತ್ತದೆ. ಪದೇಪದೇ ಕೇಳಿದ ನಂಬರನ್ನು ಜಾಲತಾಣ ಕೆಲವು ಗಂಟೆ ತಡೆಹಿಡಿಯುವುದೂ ಉಂಟು. ಒಮ್ಮೆ ಒತ್ತಿ, ರೇಂಜ್ ಇರುವ ಕಡೆ ಹೋಗಿ, ವಿಮಾನ ಚಿಹ್ನೆಯ ಗುಂಡಿಯನ್ನು ಹಾಕಿ ತೆಗೆದು, ಹತ್ತು ನಿಮಿಷ ಕಾಯುವುದು ಲೇಸು. ಮೆಸೇಜ್ ಆ್ಯಪ್‌ನ ‘ಸ್ಪ್ಯಾಮ್ ಮತ್ತು ನಿರ್ಬಂಧಿತ’ ವಿಭಾಗವನ್ನೂ ವಾಟ್ಸ್ಆ್ಯಪನ್ನೂ ಈ ನಡುವೆ ನೋಡಬೇಕು, ಏಕೆಂದರೆ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಕೆಲವೊಮ್ಮೆ ವಾಟ್ಸ್ಆ್ಯಪಿಗೆ ಸಂಖ್ಯೆ ಕಳುಹಿಸುತ್ತವೆ.

ಸಿಮ್ ಕಳೆದುಹೋಗಿ ಅದೇ ನಂಬರಿಗೆ ಹೊಸ ಸಿಮ್ ಪಡೆದವರು ಒಂದು ದಿನ ಕಾಯಲೇಬೇಕಾಗುತ್ತದೆ. ಬೇರೆಯವರ ಹೆಸರಿನಲ್ಲಿ ನಕಲಿ ಸಿಮ್ ಪಡೆದು ಒಟಿಪಿ ದೋಚುವ ವಂಚನೆಯನ್ನು ತಡೆಯಲು, ಸಿಮ್ ಬದಲಾದ ಬಳಿಕ 24 ಗಂಟೆ ಎಸ್ಸೆಮ್ಮೆಸ್ ಹೋಗದಂತೆಯೂ ಬಾರದಂತೆಯೂ ತಡೆಹಿಡಿಯಬೇಕೆಂದು ದೂರಸಂಪರ್ಕ ಇಲಾಖೆ 2022ರಲ್ಲಿ ಆದೇಶಿಸಿತು. ಕರೆಗಳು ಬರುತ್ತಿದ್ದೂ ಸಂದೇಶ ಮಾತ್ರ ಬಾರದಿದ್ದರೆ ಸಿಮ್ ಕೆಟ್ಟಿದೆ ಎಂದು ಅಂಗಡಿಗೆ ಓಡುವ ಅಗತ್ಯವಿಲ್ಲ. ‘ಡಿಎನ್‌ಡಿ ಹಾಕಿಸಿದ್ದಕ್ಕೆ ಒಟಿಪಿ ಬರುವುದಿಲ್ಲ’ ಎಂಬ ಮಾತೂ ಸರಿಯಲ್ಲ. 1909 ಎಂಬ ನಂಬರಿನ ಮೂಲಕ ನೋಂದಾಯಿಸಿದ ಆ ತಡೆ ಜಾಹೀರಾತಿನ ಸಂದೇಶಗಳಿಗೆ ಮಾತ್ರ.

ಕೆಲವೊಮ್ಮೆ ದೋಷ ನಮ್ಮದೂ ಅಲ್ಲ, ಟವರಿನದೂ ಅಲ್ಲ. ವಾಣಿಜ್ಯ ಸಂದೇಶ ಕಳುಹಿಸುವವರೆಲ್ಲ ತಮ್ಮ ಹೆಸರನ್ನೂ ಸಂದೇಶದ ಮಾದರಿಯನ್ನೂ ಮುಂಚಿತವಾಗಿ ನೋಂದಾಯಿಸಬೇಕೆಂಬ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮ 2018ರದು. 2021ರ ಮಾರ್ಚ್ 8ರಂದು ಅದನ್ನು ಬಿಗಿಯಾಗಿ ಜಾರಿ ಮಾಡಿದಾಗ, ಮಾದರಿಗೆ ಹೊಂದದ ಸಂದೇಶಗಳೆಲ್ಲ ತಡೆಯಲ್ಪಟ್ಟು ದೇಶದಾದ್ಯಂತ ಅನೇಕ ಒಟಿಪಿಗಳೇ ನಿಂತುಹೋದವು. ಮರುದಿನವೇ ಟ್ರಾಯ್ ಅದನ್ನು ಒಂದು ವಾರದ ಮಟ್ಟಿಗೆ ಮುಂದೂಡಬೇಕಾಯಿತು. ಎಕ್ಸ್, ಅಂದಿನ ಟ್ವಿಟರ್, 2023ರ ಮಾರ್ಚ್ 20ರ ಬಳಿಕ ಹಣ ಕೊಡದ ಬಳಕೆದಾರರಿಗೆ ಪಾಸ್‌ವರ್ಡಿನ ಬಳಿಕ ಕೇಳುವ ಎರಡನೆಯ ಹಂತದ ಸಂಖ್ಯೆಯನ್ನು ಎಸ್ಸೆಮ್ಮೆಸ್ ಮೂಲಕ ಕಳುಹಿಸುವುದನ್ನೇ ನಿಲ್ಲಿಸಿತು. ಅಲ್ಲಿ ಉಳಿದ ಮುಖ್ಯ ದಾರಿ ಹುಟ್ಟುವ ಸಂಖ್ಯೆಯದು.

ಹುಟ್ಟುವ ಸಂಖ್ಯೆಯ ಕ್ರಮವನ್ನು 2011ರ ಆರ್‌ಎಫ್‌ಸಿ 6238 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆ ವಿವರಿಸುತ್ತದೆ. ಫೋನಿನಲ್ಲೇ ಸಂಖ್ಯೆ ಹುಟ್ಟಿಸುವ ಅಥೆಂಟಿಕೇಟರ್ ಆ್ಯಪನ್ನು ಖಾತೆಗೆ ಜೋಡಿಸುವ ದಿನ ಜಾಲತಾಣ ಒಂದು ರಹಸ್ಯ ಕೀಲಿಯನ್ನು ಕ್ಯೂಆರ್ ಚಿತ್ರದಲ್ಲಿ ಕೊಡುತ್ತದೆ. ಮುಂದೆ ಆ ಕೀಲಿಯನ್ನೂ ಆ ಹೊತ್ತಿನ ಸಮಯವನ್ನೂ ಸೇರಿಸಿ ಎರಡೂ ಕಡೆ ಒಂದೇ ಲೆಕ್ಕ ನಡೆಯುತ್ತದೆ, ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಹೊಸ ಆರಂಕಿ ಹುಟ್ಟುತ್ತದೆ. ಇದಕ್ಕೆ ಸಿಮ್ ಬೇಡ, ರೇಂಜ್ ಬೇಡ, ಇಂಟರ್ನೆಟ್ಟೂ ಬೇಡ. ಪರದೆಯಲ್ಲಿ ‘ಆ್ಯಪ್‌ನಲ್ಲಿರುವ ಸಂಖ್ಯೆ ನಮೂದಿಸಿ’ ಎಂದಿರುವಾಗ ಎಸ್ಸೆಮ್ಮೆಸ್‌ಗಾಗಿ ಕಾಯುವವರು, ಬಾರದೇ ಇರುವುದನ್ನು ಕಾಯುತ್ತಿದ್ದಾರೆ.

ಈ ಲೆಕ್ಕಕ್ಕೆ ಬೇಕಾದುದು ಸರಿಯಾದ ಗಡಿಯಾರ. ದುಬೈಯಿಂದ ರಜೆಗೆ ಬಂದವರೊಬ್ಬರು ಫೋನಿನ ಸಮಯ ವಲಯವನ್ನು ದುಬೈಗೇ ಬಿಟ್ಟು, ಗಡಿಯಾರವನ್ನು ಮಾತ್ರ ಕೈಯಾರೆ ಒಂದೂವರೆ ಗಂಟೆ ಮುಂದಿಟ್ಟರು ಎಂದುಕೊಳ್ಳಿ. ನೋಡುವ ಕಣ್ಣಿಗೆ ಅದು ಊರಿನ ಸಮಯವೇ ಸರಿ. ಆದರೆ ಲೆಕ್ಕ ನಡೆಯುವುದು ಜಗತ್ತಿಗೆಲ್ಲ ಒಂದೇ ಆಗಿರುವ ಸಮಯದ ಮೇಲೆ. ಆ ಫೋನು ಈಗ 90 ನಿಮಿಷ, ಅಂದರೆ 180 ಸಂಖ್ಯೆಗಳಷ್ಟು, ಮುಂದೆ ಓಡುತ್ತಿರುತ್ತದೆ. ಹಾಕಿದ ಸಂಖ್ಯೆ ಪ್ರತಿ ಸಲವೂ ತಪ್ಪು ಎಂದೇ ಬರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಸಮಯವನ್ನೂ ವಲಯವನ್ನೂ ‘ಸ್ವಯಂಚಾಲಿತ’ಕ್ಕೆ ತಂದರೆ ಸಾಕು, ಮುಂದಿನ ಸಂಖ್ಯೆ ಸಲ್ಲುತ್ತದೆ.

ಸಿಮ್ಮೂ ಇಲ್ಲ, ಆ್ಯಪ್ ಇದ್ದ ಫೋನೂ ಇಲ್ಲ ಎನ್ನುವಾಗ ‘ಖಾತೆ ಬಿಡಿಸಿಕೊಡುತ್ತೇನೆ, ಬರುವ ನಂಬರ್ ಹೇಳಿ’ ಎನ್ನುವವರು ಸಿಗುತ್ತಾರೆ. ಅವರಿಗೆ ಹೇಳಿದ ಸಂಖ್ಯೆಯೊಂದಿಗೆ ಖಾತೆಯೂ ಹೋಗುತ್ತದೆ. ಅದರ ಬದಲು ನೆನಪಿಸಿಕೊಳ್ಳಬೇಕಾದುದು ಎರಡು ಹಂತದ ಭದ್ರತೆಯನ್ನು ಹಾಕಿದ ದಿನ ಜಾಲತಾಣ ತೋರಿಸಿದ ಬ್ಯಾಕಪ್ ಸಂಖ್ಯೆಗಳನ್ನು. ಬರುವುದೂ ಅಲ್ಲದ, ಆ ಕ್ಷಣದಲ್ಲಿ ಹುಟ್ಟುವುದೂ ಅಲ್ಲದ, ಮೊದಲೇ ಬರೆದಿಟ್ಟ ಒಟಿಪಿಗಳಿವು. ಲ್ಯಾಂಪೋರ್ಟ್ ಅವರ ಕಲ್ಪನೆಯಿಂದ ಬೆಳೆದ ಎಸ್‌ಕೀ ಎಂಬ ಹಳೆಯ ವ್ಯವಸ್ಥೆಯಲ್ಲಿಯೂ ಗುಟ್ಟುಪದಗಳ ಪಟ್ಟಿಯನ್ನು ಕಾಗದದಲ್ಲಿ ಮುದ್ರಿಸಿ ಇಟ್ಟುಕೊಳ್ಳಬಹುದಾಗಿತ್ತು. ಖಾತೆಗೆ ಈಗ ಲಾಗಿನ್ ಆಗಿರುವವರು ಭದ್ರತೆಯ ಸೆಟ್ಟಿಂಗ್ಸ್‌ಗೆ ಹೋಗಿ ಆ ಪಟ್ಟಿಯನ್ನು ಬರೆದುಕೊಂಡು, ಜಾಗದ ದಾಖಲೆ, ತೆರಿಗೆಯ ರಶೀದಿ ಇಡುವ ಪೆಟ್ಟಿಗೆಯಲ್ಲೇ ಇಡಬಹುದು. ಬಳಸಿದ ಸಂಖ್ಯೆಗೆ ಗೀಟು ಹಾಕಬೇಕು. ಹೊಸ ಪಟ್ಟಿ ಪಡೆದ ದಿನ ಹಳೆಯ ಕಾಗದವನ್ನು ಹರಿದು ಹಾಕಬೇಕು, ಏಕೆಂದರೆ ಅದರಲ್ಲಿರುವ ಯಾವ ಸಂಖ್ಯೆಯೂ ಅಂದಿನಿಂದ ಸಲ್ಲುವುದಿಲ್ಲ.