ರೆಟಿನಾದ ಟ್ರಾನ್ಸ್‌ಪೋರ್ಟರ್‌ಗಳಿಗೆ ಹೇಳುವವರು ಕೇಳುವವರು ಇದ್ದಾರಾ?

ಪ್ರಶ್ನೆ: ಕಣ್ಣಿನ ರೆಟಿನಾದಲ್ಲಿ ಗ್ಲುಟಮೇಟ್, ಗಾಬಾ ಥರದ, ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಿಡುವ ರಾಸಾಯನಿಕಗಳನ್ನೆಲ್ಲ ವಾಪಸ್ ಕೋಶದೊಳಗೆ ಎಳೆದುಕೊಳ್ಳುವ ಪ್ರೋಟೀನ್‌ಗಳು, ಅಂದರೆ ಟ್ರಾನ್ಸ್‌ಪೋರ್ಟರ್‌ಗಳು ಸುಮ್ನೆ ಒಂದೇ ಸಮ ಕೆಲಸ ಮಾಡ್ತಾ ಇರುತ್ತವಾ, ಇಲ್ಲ ಕೋಶ ಅವನ್ನು ಹತೋಟಿಯಲ್ಲಿ ಇಟ್ಟಿರುತ್ತಾ?

ಹತೋಟಿಯಲ್ಲೇ ಇಟ್ಟಿರುತ್ತದೆ. ಅದೂ ಒಂದೇ ದಾರಿಯಲ್ಲಿ ಅಲ್ಲ.

ಮೊದಲು ಇದು ಯಾಕೆ ಮುಖ್ಯ ಅಂತ ನೋಡೋಣ. ಬೆಳಕು ಗ್ರಹಿಸುವ ರಾಡ್ ಮತ್ತು ಕೋನ್ ಕೋಶಗಳು ಕತ್ತಲಲ್ಲಿ ಗ್ಲುಟಮೇಟ್ ಬಿಡುತ್ತಲೇ ಇರುತ್ತವೆ, ಬೆಳಕು ಬಿದ್ದಾಗ ಕಡಿಮೆ ಮಾಡುತ್ತವೆ. ಕೇಳಲು ಉಲ್ಟಾ ಅನ್ನಿಸುತ್ತೆ, ಅಲ್ವಾ? ಹಾಗಾಗಿ ಬೆಳಕು ಬಂದ ಸುದ್ದಿ ಮುಂದಿನ ಕೋಶಕ್ಕೆ ತಲುಪಬೇಕಾದರೆ ಅಲ್ಲಿ ಮೊದಲೇ ಬಿದ್ದಿರುವ ಗ್ಲುಟಮೇಟ್ ಬೇಗ ಖಾಲಿಯಾಗಬೇಕು, ಆ ಕೆಲಸದ ದೊಡ್ಡ ಪಾಲು ರೆಟಿನಾದ ನರಕೋಶಗಳಿಗೆ ಆಸರೆಯಾಗಿರುವ ಮುಲ್ಲರ್ ಕೋಶಗಳಲ್ಲಿರುವ ಗ್ಲಾಸ್ಟ್ ಎಂಬ ಟ್ರಾನ್ಸ್‌ಪೋರ್ಟರ್‌ನದ್ದು.

ಹತೋಟಿಯ ಮೊದಲ ದಾರಿ ಜಾಗ ಬದಲಿಸುವುದು. ಟ್ರಾನ್ಸ್‌ಪೋರ್ಟರ್ ಕೋಶದ ಹೊರಪೊರೆಯಲ್ಲಿ ಇದ್ದರೆ ಮಾತ್ರ ಉಪಯೋಗ. ಕೋಶಕ್ಕೆ ಹೊರಗಿನಿಂದ ಸಂಕೇತ ಬಂದು ಪ್ರೋಟೀನ್ ಕೈನೇಸ್ ಸಿ ಎಂಬ ಕಿಣ್ವ ಚುರುಕಾದರೆ, ಡೋಪಮೈನ್ ಎಂಬ ಇನ್ನೊಂದು ಸುದ್ದಿ ಮುಟ್ಟಿಸುವ ರಾಸಾಯನಿಕದ ಟ್ರಾನ್ಸ್‌ಪೋರ್ಟರ್ ಪೊರೆ ಬಿಟ್ಟು ಕೋಶದೊಳಗೆ ಸರಿಯುತ್ತದೆ. ಆಗ ಹೊರಗೆ ಡೋಪಮೈನ್ ಜಾಸ್ತಿ ಹೊತ್ತು ಉಳಿಯುತ್ತದೆ. ಇದು ರೆಟಿನಾದ್ದೇ ವಿಶೇಷವಲ್ಲ, ಮೆದುಳಿನ ನರಕೋಶಗಳಲ್ಲೂ ಹೀಗೇ. ಆದರೆ ಅದೇ ಕಿಣ್ವ ಗ್ಲುಟಮೇಟ್ ಟ್ರಾನ್ಸ್‌ಪೋರ್ಟರ್‌ಗಳ ಮೇಲೆ ಒಂದೊಂದು ಬಗೆಗೆ ಒಂದೊಂದು ರೀತಿ ಪರಿಣಾಮ ಮಾಡುತ್ತದೆ, ಹಾಗಾಗಿ "ಈ ಕಿಣ್ವ ಬಂದರೆ ಟ್ರಾನ್ಸ್‌ಪೋರ್ಟರ್ ನಿಲ್ಲುತ್ತದೆ" ಅಂತ ಒಂದೇ ಸಾಲಲ್ಲಿ ಬರೆದಿರುವುದನ್ನು ನಂಬಬೇಡಿ.

ಎರಡನೆಯದು ನನಗೆ ತುಂಬಾ ಇಷ್ಟವಾದದ್ದು: ದಿಕ್ಕು. ಒಂದು ಗ್ಲುಟಮೇಟ್ ಒಳಗೆ ಬರಬೇಕಾದರೆ ಜೊತೆಗೆ 3 ಸೋಡಿಯಂ, 1 ಪ್ರೋಟಾನ್ (ಹೈಡ್ರೋಜನ್ ಅಯಾನು) ಒಳಗೆ ಬರುತ್ತವೆ, 1 ಪೊಟ್ಯಾಸಿಯಂ ಹೊರಗೆ ಹೋಗುತ್ತದೆ. ಎಳೆಯುವ ಶಕ್ತಿಯೆಲ್ಲ ಈ ಅಯಾನುಗಳು (ವಿದ್ಯುತ್ ಆವೇಶ ಇರುವ ಕಣಗಳು) ಪೊರೆಯ ಒಳಗೂ ಹೊರಗೂ ಬೇರೆ ಬೇರೆ ಪ್ರಮಾಣದಲ್ಲಿ ಇರುವುದರಿಂದ ಮತ್ತು ಪೊರೆಯ ವೋಲ್ಟೇಜ್‌ನಿಂದಲೇ ಬರುತ್ತದೆ. ಗಾಬಾ ಟ್ರಾನ್ಸ್‌ಪೋರ್ಟರ್ ಕೂಡ ಸೋಡಿಯಂ ನಂಬಿಕೊಂಡೇ ಇದೆ. ವೋಲ್ಟೇಜ್ ಬದಲಾದರೆ ಅದು ಉಲ್ಟಾ ತಿರುಗಿ ಗಾಬಾವನ್ನು ಹೊರಗೆ ಹಾಕಬಲ್ಲದು. ನರಕೋಶಗಳು ಇಂಥ ರಾಸಾಯನಿಕ ಬಿಡಲು ಸಾಮಾನ್ಯವಾಗಿ ಕ್ಯಾಲ್ಸಿಯಂ ಬೇಕು, ಆದರೆ ಮೀನಿನ ರೆಟಿನಾದಲ್ಲಿ ಅಡ್ಡಡ್ಡ ಸಂಪರ್ಕ ಕಲ್ಪಿಸುವ ಹಾರಿಜಾಂಟಲ್ ಕೋಶಗಳು ಕ್ಯಾಲ್ಸಿಯಂ ಇಲ್ಲದೆಯೂ ಹೀಗೆ ಗಾಬಾ ಬಿಡುತ್ತವೆ ಅಂತ 1987ರಲ್ಲೇ ತೋರಿಸಿದ್ದಾರೆ.

ಈ ಹತೋಟಿ ತಪ್ಪಿದರೆ? ರಕ್ತದ ಹರಿವು ನಿಂತು ಕೋಶದ ಶಕ್ತಿ ಕುಸಿದಾಗ ಗ್ಲುಟಮೇಟ್ ಟ್ರಾನ್ಸ್‌ಪೋರ್ಟರ್ ಕೂಡ ಉಲ್ಟಾ ಓಡಿ ಸುತ್ತಲಿನ ನರಕೋಶಗಳಿಗೆ ಕುತ್ತು ತರುತ್ತದೆ. 2007ರಲ್ಲಿ ಪ್ರಕಟವಾದ ಕೆಲಸದಲ್ಲಿ, ಗ್ಲಾಸ್ಟ್ ಇಲ್ಲದ ಇಲಿಗಳಲ್ಲಿ ಕಣ್ಣಿನ ಒತ್ತಡ ಏರದಿದ್ದರೂ, ರೆಟಿನಾದಿಂದ ಮೆದುಳಿಗೆ ಸುದ್ದಿ ಒಯ್ಯುವ ಗ್ಯಾಂಗ್ಲಿಯನ್ ಕೋಶಗಳು ಸತ್ತವು. ಈ ಕೋಶಗಳು ಸಾಯುವ ಕಣ್ಣಿನ ಕಾಯಿಲೆ ಗ್ಲುಕೋಮಾ; ಒತ್ತಡ ಮಾಮೂಲಿ ಇದ್ದೂ ಅದು ಬರುವ ಮನುಷ್ಯರೂ ಇದ್ದಾರೆ. ಅವರ ವಿಷಯ ಬಂದಾಗ ಒತ್ತಡದ ಅಂಕಿಯ ಜೊತೆಗೆ ಈ ಟ್ರಾನ್ಸ್‌ಪೋರ್ಟರ್‌ಗಳ ಗತಿ ಏನು ಅಂತಲೂ ಕೇಳಬೇಕು ಅನ್ನುವುದು ನನ್ನ ಅಭಿಪ್ರಾಯ.